ವಿಜಯಪುರದಲ್ಲಿ ಮನೆ ಅಂಗಳಕ್ಕೆ ಪರಿಸರಕ್ಕೆ ಹೊರೆಯಾಗದ ಕಲ್ಲು ಯಾವುದು? ತಾಳಿಕೋಟಿ ಫರಸಿಯೋ, ಇಳಕಲ್ ಗ್ರಾನೈಟೋ, ಕೋಟಾ ಕಲ್ಲೋ?

ನಿಮ್ಮ ಪ್ರಶ್ನೆ ಓದಿ ನಗು ಬಂತು. 2015ರಲ್ಲಿ ನಾನೂ ಇದೇ ಮೂರು ಕಲ್ಲಿನ ತುಂಡು ಟೇಬಲ್ ಮೇಲಿಟ್ಟುಕೊಂಡು ಒಂದು ತಿಂಗಳು ತಲೆ ಕೆಡಿಸಿಕೊಂಡಿದ್ದೆ. ಕೊನೆಗೆ ತಾಳಿಕೋಟಿ ಫರಸಿ, ಅಂದರೆ ನೆಲಕ್ಕೆ ಹಾಸುವ ಚಪ್ಪಡಿ ಕಲ್ಲು, ತಂದೆ. ನಮ್ಮ ಜಿಲ್ಲೆಯದೇ ಕಲ್ಲು, ಲಾರಿ ಬಾಡಿಗೆ ಕಡಿಮೆ. ಆರಿಸಿದ್ದು ಸರಿಯಾಗೇ ಇತ್ತು. ಆದರೂ ಮೂರೇ ವರ್ಷಕ್ಕೆ ಅಂಗಳ ಹಾಳಾಯಿತು.

ನಮ್ಮದು ಊರ ಹೊರಗಿನ ಬಡಾವಣೆ, ಮೊದಲು ಜೋಳ ಬೆಳೆಯುತ್ತಿದ್ದ ಹೊಲ. ಅಪ್ಪಟ ಎರೆ ಮಣ್ಣು. ಕಲ್ಲು ಹಾಸುವ ಗೌಂಡಿ ಹಿರಿಯ ಮನುಷ್ಯ, "ಸರ, ಎರಿ ಮ್ಯಾಲ ಕಾಂಕ್ರೀಟ್ ನಿಲ್ಲಂಗಿಲ್ರೀ, ಗರಸು ಹಾಕಸ್ರಿ" ಅಂದರು. ಗರಸು ಅಂದರೆ ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು. ನಾನು ಕೇಳಬೇಕಲ್ಲ! ಗರಸಿನ ಮೇಲೆ ಕೂರಿಸಿದರೆ ಅಲುಗಾಡುತ್ತೆ, ಸಂದಿಯಲ್ಲಿ ಹುಲ್ಲು ಬರುತ್ತೆ ಅಂತ ವಾದ ಮಾಡಿ ನಾಲ್ಕು ಇಂಚು ಕಾಂಕ್ರೀಟ್ ಹಾಕಿಸಿದೆ. ಅದರ ಮೇಲೆ ಸಿಮೆಂಟಿನಲ್ಲಿ ಫರಸಿ, ಸಂದಿಗೂ ಸಿಮೆಂಟ್.

ಹಾಕಿಸಿದ್ದು ಏಪ್ರಿಲ್‌ನಲ್ಲಿ. ಆಗ ಎರೆ ಮಣ್ಣು ಒಣಗಿ, ಕುಗ್ಗಿ, ಕೈ ಹೋಗುವಷ್ಟು ಬಿರುಕು ಬಿಟ್ಟಿರುತ್ತೆ. ಅದರ ಮೇಲೆ ಮುಚ್ಚಳ ಹಾಕಿದ ಹಾಗಾಯಿತು. ಮಳೆ ಬಂದಾಗ ನೀರು ಸುತ್ತಲಿನ ಅಂಚಿನಿಂದ ಮಾತ್ರ ಒಳಗೆ ಹೋಗುತ್ತೆ, ಅಂಚಿನ ಮಣ್ಣು ಉಬ್ಬುತ್ತೆ, ನಡುವಿನದು ಒಣಗೇ ಇರುತ್ತೆ. ಅಂಚು ಎದ್ದಿತು, ನಡು ಕುಳಿತೇ ಇತ್ತು. ಬೇಸಿಗೆಯಲ್ಲಿ ಅಂಚು ಮತ್ತೆ ಇಳಿಯಿತು. ಹೀಗೆ ವರ್ಷ ವರ್ಷ ಏರಿ ಇಳಿದು ಕಾಂಕ್ರೀಟು ಸೀಳಿತು, ಅದರ ಜೊತೆಗೇ ಅಂಟಿದ್ದ ಫರಸಿಯೂ ಸೀಳಿತು. ಮೇಲಿನ ನೀರು ಇಂಗಲು ದಾರಿಯಿಲ್ಲದೆ ಹೊಸ್ತಿಲಿಗೇ ಬಂತು. ಮೂಲೆಯ ಬೇವಿನ ಗಿಡದ ಅರ್ಧ ಕೊಂಬೆ ಒಣಗಿತು.

ಹೊಟ್ಟೆ ಉರಿದಿದ್ದು ಕೀಳಿಸುವಾಗ. ಹಾರೆ ಹಾಕಿದರೆ ಹತ್ತರಲ್ಲಿ ಆರು ಕಲ್ಲು ಒಡೆದವು. ಉಳಿದವುಗಳ ಬೆನ್ನಿಗೆ ಎರಡು ಇಂಚು ಸಿಮೆಂಟ್ ರೊಟ್ಟಿಯ ಹಾಗೆ ಅಂಟಿತ್ತು, ಬಿಡಿಸಲು ಹೋದರೆ ಅವೂ ಪುಡಿ. ಕೋಟಿಗಟ್ಟಲೆ ವರ್ಷ ಹಳೆಯ ಕಲ್ಲು, ನಾನು ಬಳಸಿದ್ದು ಮೂರು ವರ್ಷ.

ಅದಕ್ಕೇ ಹೇಳ್ತೀನಿ, ಯಾವ ಕಲ್ಲು ಅನ್ನುವ ಪ್ರಶ್ನೆಯನ್ನೇ ಸದ್ಯ ಪಕ್ಕಕ್ಕಿಡಿ. ನಾಳೆ ಕಿತ್ತು ಮತ್ತೆ ಹಾಕಲು ಬರುತ್ತಾ ಅಂತ ನೋಡಿ. ಸಿಮೆಂಟ್ ತಯಾರಿಸಲು ಸುಣ್ಣದ ಕಲ್ಲನ್ನೇ ಸುಡುತ್ತಾರೆ, ಇಂಗಾಲದ ಹೊಗೆ ಬರೋದೇ ಅಲ್ಲಿ ಜಾಸ್ತಿ. ಹತ್ತಿರದ ಕಲ್ಲು ತಂದೆ ಅಂತ ಬೀಗಿ ಅದರ ಕೆಳಗೆ ಅರವತ್ತು ಚೀಲ ಸಿಮೆಂಟ್ ಸುರಿದರೆ ಏನು ಬಂತು? ಸಿಮೆಂಟ್ ಇಲ್ಲದೆ ನಿಲ್ಲುತ್ತಾ ಅನ್ನೋ ಹೆದರಿಕೆ ಇದ್ರೆ ಒಂದು ಭಾನುವಾರ ಪಟ್ಟದಕಲ್ಲಿಗೆ ಹೋಗಿ ಬನ್ನಿ. ಎಂಟನೇ ಶತಮಾನದ ಗುಡಿಗಳು, ಕಲ್ಲಿನ ಮೇಲೆ ಕಲ್ಲು, ನಡುವೆ ಗಾರೆಯೇ ಇಲ್ಲ.

ಎರಡನೇ ಸಲ ಗೌಂಡಿ ಹೇಳಿದ ಹಾಗೇ ಮಾಡಿದೆ. ಎರಡು ಅಡಿ ಎರೆ ಮಣ್ಣು ತೆಗೆಸಿ, ಗರಸು ಪದರ ಪದರವಾಗಿ ಹಾಕಿ, ನೀರು ಹೊಡೆದು ದಮ್ಮಸು ಮಾಡಿಸಿದೆ. ಮೇಲೆ ಎರಡು ಇಂಚು ಕ್ರಷರ್ ಪುಡಿ, ಅದರ ಮೇಲೆ ಕಲ್ಲು, ಸಂದಿಗೂ ಅದೇ ಪುಡಿ. ಇಳಿಜಾರು ಬೇವಿನ ಗಿಡದ ಕಡೆಗೆ. ಅಂಚಿಗೆ ಮಾತ್ರ ಉದ್ದ ಕಲ್ಲು ಹೂಳಿಸಿ, ಇಲ್ಲದಿದ್ರೆ ಸಾಲು ಜರುಗುತ್ತೆ. ಕಲ್ಲು ಎರಡು ಇಂಚಿಗಿಂತ ತೆಳು ಇದ್ರೆ ಹೀಗೆ ಹಾಕಲೇಬೇಡಿ, ಒಡೆಯುತ್ತೆ. ಹುಲ್ಲು ಬರುತ್ತಾ? ಬರುತ್ತೆ, ಕಿತ್ತರಾಯಿತು.

ಈ ಸಲ ಹೊಸ ಕಲ್ಲನ್ನೂ ತರಲಿಲ್ಲ. ಪಕ್ಕದ ಹಳ್ಳಿಯಲ್ಲಿ ಹಳೇ ವಾಡೆ (ದೊಡ್ಡ ಮನೆ) ಕೆಡವುತ್ತಿದ್ದರು, ಎರಡು ಟ್ರ್ಯಾಕ್ಟರ್ ಚಪ್ಪಡಿ ಸಿಕ್ಕಿತು. ಉಳಿಯ ಗುರುತು ಇನ್ನೂ ಇತ್ತು. ಒಂದರ ಮೇಲೆ ಯಾರೋ ಚೌಕಾಬಾರದ ಮನೆ ಕೊರೆದಿದ್ದರು, ಅದನ್ನು ಬಾಗಿಲ ಮುಂದೆಯೇ ಹಾಕಿಸಿದ್ದೇನೆ. ಇಂಥದ್ದು ಸಿಗದಿದ್ರೆ ಇಳಕಲ್ ಕಡೆ ಗ್ರಾನೈಟ್ ಫ್ಯಾಕ್ಟರಿಗಳಲ್ಲಿ ಅಂಚಿನ ತುಂಡು ಕೇಳಿ ನೋಡಿ. ಕೋಟಾ ಬೇಡವೇ ಬೇಡ, ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರದ ರಾಜಸ್ಥಾನದಿಂದ ಯಾಕೆ?

ಇವತ್ತೇ ಅಂಗಳದಲ್ಲಿ ಒಂದು ಗುಂಡಿ ತೋಡಿಸಿ, ಎರೆ ಎಷ್ಟು ಆಳ ಇದೆ ಅಂತ ಇಲ್ಲಿ ಬರೆಯಿರಿ. ಗರಸು ಎಷ್ಟು ಬ್ರಾಸ್ (ಒಂದು ಬ್ರಾಸ್ ಅಂದರೆ ನೂರು ಘನ ಅಡಿ) ಬೇಕು ಅಂತ ಲೆಕ್ಕ ಹಾಕಿ ಹೇಳ್ತೀನಿ.