ಪ್ರತಿ ವಾರ ಬೆಂಗಳೂರಿಗೆ ಹೋಗದೆ ಮಗನಿಗೆ ಚಿಕಿತ್ಸೆ ಸಿಗಲ್ವಾ?

ಪ್ರಶ್ನೆ: ಮಗ ಏಳನೇ ಕ್ಲಾಸು. ಬೆಳಿಗ್ಗೆ ಯೂನಿಫಾರ್ಮ್ ಹಾಕಿಕೊಳ್ಳುವಷ್ಟರಲ್ಲಿ ಹೊಟ್ಟೆನೋವು, ವಾಂತಿ. ಸ್ಕ್ಯಾನಿಂಗ್ ಮಾಡಿಸಿದೆವು, ಏನೂ ಇಲ್ಲ. ದೃಷ್ಟಿ ತೆಗೆಸಿ ತಾಯಿತವನ್ನೂ ಕಟ್ಟಿಸಿದೆವು. ಬೆಂಗಳೂರಿನ ಡಾಕ್ಟರು ಇದು ಆತಂಕ, ಮಾತ್ರೆ ಬೇಡ, ವಾರಕ್ಕೊಮ್ಮೆ ಥೆರಪಿಗೆ ಕರೆದುಕೊಂಡು ಬನ್ನಿ ಅಂದರು. ಒಂದು ಸಲ ಹೋಗಿ ಬಂದರೆ ಇಬ್ಬರ ಕೂಲಿ ಹೋಗುತ್ತೆ. ಎರಡು ಸಲ ಹೋಗಿ ಬಿಟ್ಟುಬಿಟ್ಟೆವು. ಇಲ್ಲೇ ಏನೂ ಮಾಡೋಕಾಗಲ್ವಾ?
– ಒಬ್ಬ ತಾಯಿ, ಪಾವಗಡ ತಾಲ್ಲೂಕು

ಉತ್ತರ: ಆಗುತ್ತೆ. ಬಿಟ್ಟುಬಿಟ್ಟೆವು ಅಂತ ನೊಂದುಕೊಳ್ಳಬೇಡಿ ಅಮ್ಮಾ, ಕೂಲಿ ಬಿಟ್ಟು ವಾರಾವಾರ ಬೆಂಗಳೂರಿಗೆ ಯಾರು ತಾನೇ ಓಡಾಡುತ್ತಾರೆ?

ಅವನ ಹೊಟ್ಟೆನೋವು ನಾಟಕ ಅಲ್ಲ. ಭಯಕ್ಕೆ ಹೊಟ್ಟೆ ನಿಜವಾಗಲೂ ನೋಯುತ್ತೆ. ಆದರೆ ಮನೆಯಲ್ಲೇ ಉಳಿದ ದಿನ ನೋವು ಕಡಿಮೆಯಾಗುತ್ತೆ, ಮಾರನೇ ದಿನಕ್ಕೆ ಭಯ ಇನ್ನೂ ಜಾಸ್ತಿಯಾಗುತ್ತೆ. ಮೊದಲು ಶಾಲೆಯಲ್ಲಿ ಯಾರಾದರೂ ಹೊಡೀತಾರಾ, ಆಡಿಕೊಳ್ತಾರಾ, ಓದೋಕೆ ಕಷ್ಟವಾಗ್ತಿದೆಯಾ ಅಂತ ಅವನ ಪಕ್ಕ ಕೂತು ಕೇಳಿ. ಅಂಥದ್ದೇನಾದರೂ ಇದ್ದರೆ ಅದನ್ನು ಸರಿಮಾಡಿಸದೆ ಶಾಲೆಗೆ ತಳ್ಳಬೇಡಿ.

ಇಂಥ ಭಯಕ್ಕೆ ಕೆಲಸ ಮಾಡುತ್ತೆ ಅಂತ ಸಾಬೀತಾಗಿರುವ ಚಿಕಿತ್ಸೆ ಅಂದರೆ ಭಯವನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸೋದು. ಇದಕ್ಕೆ ದೊಡ್ಡ ಯಂತ್ರ ಬೇಡ, ಹೇಳಿಕೊಡೋರು ಬೇಕು. ನಾನು ಮಕ್ಕಳ ಮುಂದೆ ಹತ್ತು ಕಡಲೇಕಾಯಿ ಇಡುತ್ತೇನೆ. ಎಷ್ಟು ಭಯವೋ ಅಷ್ಟು ಕಾಯಿ ಎತ್ತಿಡಬೇಕು. ಒಬ್ಬ ಹುಡುಗಿ ಶಾಲೆಯ ಗೇಟಿನ ಹತ್ತಿರ ನಿಂತ ಮೊದಲ ದಿನ ಎಂಟು ಎತ್ತಿಟ್ಟಳು. ಅಮ್ಮನ ಜೊತೆ ಅಲ್ಲೇ ಅರ್ಧ ಗಂಟೆ ನಿಂತ ಮೇಲೆ ನಾಲ್ಕು. ಭಯ ಇಳಿಯುವ ಮುಂಚೆ ವಾಪಸ್ ಕರೆದುಕೊಂಡು ಬರಬಾರದು, ಗುಟ್ಟೆಲ್ಲ ಇರೋದು ಅಲ್ಲೇ. ಆಮೇಲೆ ಒಂದು ಪಿರಿಯಡ್, ಆಮೇಲೆ ಬಿಸಿಯೂಟದವರೆಗೆ, ಹೀಗೆ ಏರುತ್ತಾ ಹೋಗಬೇಕು.

ಆ ಡಾಕ್ಟರ ಹತ್ತಿರ ಈ ಮೆಟ್ಟಿಲುಗಳನ್ನು ಕನ್ನಡದಲ್ಲಿ ಬರೆಸಿಕೊಳ್ಳಿ, ನಡುವೆ ಫೋನಿನಲ್ಲಿ ಮಾತಾಡಬಹುದಾ ಅಂತಲೂ ಕೇಳಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಅನ್ನೋ ಮಾನಸಿಕ ಆರೋಗ್ಯದ ಕ್ಲಿನಿಕ್ ನಡೆಸೋದು ರಾಜ್ಯ ಸರ್ಕಾರದ ಕಾರ್ಯಕ್ರಮ. ನಿಮ್ಮಲ್ಲಿ ಯಾವಾಗ ಅಂತ ಆಶಾ ಕಾರ್ಯಕರ್ತೆಯ ಹತ್ತಿರ ವಿಚಾರಿಸಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದಿನದ 24 ಗಂಟೆ, ದುಡ್ಡಿಲ್ಲ. 2022ರ ಅಕ್ಟೋಬರ್‌ನಿಂದ ಈ ಸೇವೆ ಇದೆ. ಆದರೆ ಮಗ ಸಾಯುವ ಮಾತಾಡಿದರೆ ಅಥವಾ ಊಟ ಬಿಟ್ಟರೆ ಮೆಟ್ಟಿಲು ಅಂತ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ಒಂದು ದಿನದ ತರಬೇತಿ ಕೊಟ್ಟು ಮಕ್ಕಳಿಗೆ ಆಪ್ತ ಸಮಾಲೋಚನೆ ಮಾಡಿ ಅನ್ನುತ್ತಾರೆ. ಪಾಠದ ಜೊತೆ ಇದೂ ಆಗುತ್ತಾ?
– ಒಬ್ಬ ಪ್ರೌಢಶಾಲಾ ಶಿಕ್ಷಕ

ಉತ್ತರ: ಮೇಷ್ಟ್ರೇ, ನಿಮ್ಮ ಅನುಮಾನ ಸರಿಯಾಗೇ ಇದೆ. ಬಿಹಾರದ ನಳಂದಾ ಜಿಲ್ಲೆಯ 74 ಸರ್ಕಾರಿ ಪ್ರೌಢಶಾಲೆಗಳಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಶಾಲೆಯ ವಾತಾವರಣ ಸುಧಾರಿಸುವ ಒಂದೇ ಕಾರ್ಯಕ್ರಮವನ್ನು ಕೆಲವು ಕಡೆ ಶಿಕ್ಷಕರಿಗೆ ಒಪ್ಪಿಸಿದರು, ಕೆಲವು ಕಡೆ ಅದಕ್ಕೇ ಅಂತ ತರಬೇತಿ ಕೊಟ್ಟ ಸಾಮಾನ್ಯ ಜನರನ್ನು ನೇಮಿಸಿದರು. ಅವರೇನೂ ಮನೋವೈದ್ಯರಲ್ಲ. ಆದರೂ ಅವರಿದ್ದ ಶಾಲೆಗಳಲ್ಲಿ ಮಕ್ಕಳ ಖಿನ್ನತೆ, ಪೀಡನೆ, ಹೊಡೆದಾಟ ಕಡಿಮೆಯಾದವು. ಶಿಕ್ಷಕರು ನಡೆಸಿದ ಕಡೆ ಅಂಥ ಫಲ ಕಾಣಲಿಲ್ಲ.

ನನಗಂತೂ ಇದು ಶಿಕ್ಷಕರ ತಪ್ಪು ಅನ್ನಿಸೋದಿಲ್ಲ. ಪಾಠ, ಗಣತಿ, ಚುನಾವಣೆ ಡ್ಯೂಟಿ ಎಲ್ಲದರ ಮೇಲೆ ಸುಮ್ನೆ ಇನ್ನೊಂದು ಹೊರೆ ಹೊರಿಸಿದರೆ ಚಿಕಿತ್ಸೆ ಊರಿಗೆ ಬಂತು ಅಂತ ಹೇಗೆ ಹೇಳೋದು? ಈ ಕೆಲಸಕ್ಕೇ ಅಂತ ಒಬ್ಬರು ಬೇಕು, ತಿಂಗಳಿಗೊಮ್ಮೆ ಅವರ ಕೆಲಸ ನೋಡಿ ತಿದ್ದುವ ತಜ್ಞರೂ ಬೇಕು. ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಇದನ್ನು ಎತ್ತಿ, ಬರಹದಲ್ಲಿ ಕೇಳಿ. ಅಲ್ಲಿಯವರೆಗೆ ನೀವು ಮಾಡಬಹುದಾದ್ದು ಒಂದಿದೆ. ವಾರದಲ್ಲಿ ಎರಡು ದಿನ ಗೈರಾದ ಮಗುವಿನ ಮನೆಗೆ ಫೋನ್ ಮಾಡಿ, ಬೈಯದೆ ಯಾಕೆ ಅಂತ ಕೇಳಿ.