ಮರಳುಗಾಡಿನ ಧೂಳು ಮಳೆ ತರುತ್ತದೆಯೋ, ತಡೆಯುತ್ತದೆಯೋ?

ಮರಳುಗಾಡಿನ ಧೂಳು ಮೋಡಕ್ಕೆ ಸೇರಿದರೆ ಮಳೆ ಜಾಸ್ತಿಯಾಗುತ್ತದೆಯೋ ಕಡಿಮೆಯಾಗುತ್ತದೆಯೋ ಅಂತ ಕೇಳಿದ್ದೀರಿ. ಎರಡೂ ಆಗಬಹುದು. ಮೋಡ ಎಷ್ಟು ತಣ್ಣಗಿದೆ ಅನ್ನುವುದನ್ನು ಮೊದಲು ನೋಡಬೇಕು.

ಸೊನ್ನೆ ಡಿಗ್ರಿಗೆ ನೀರು ಹೆಪ್ಪುಗಟ್ಟುತ್ತದೆ ಅಂತ ಓದಿರುತ್ತೇವೆ, ಅಲ್ವಾ? ಮೋಡದ ಸಣ್ಣ ಹನಿಗಳು ಹಾಗಲ್ಲ. ಶುದ್ಧ ಹನಿ ಸುಮಾರು ಮೈನಸ್ 38 ಡಿಗ್ರಿವರೆಗೂ ನೀರಾಗಿಯೇ ಇರಬಲ್ಲದು. ಹೆಪ್ಪುಗಟ್ಟಲು ಅದಕ್ಕೊಂದು ಆಸರೆ ಬೇಕು. ಧೂಳಿನ ಕಣವೇ ಆ ಆಸರೆ. ಅದರಲ್ಲೂ ಪೊಟ್ಯಾಸಿಯಂ ಇರುವ ಫೆಲ್ಡ್‌ಸ್ಪಾರ್ ಖನಿಜದ ಕಣವಾದರೆ ಮೈನಸ್ 15ರ ಆಸುಪಾಸಿನಲ್ಲೇ ಮಂಜುಗಡ್ಡೆಯ ಹರಳು ಶುರುವಾಗುತ್ತದೆ. ಆ ಹರಳು ಸುತ್ತಲಿನ ಹನಿಗಳಿಂದ ಆವಿ ಎಳೆದುಕೊಂಡು ದಪ್ಪವಾಗುತ್ತದೆ, ಭಾರಕ್ಕೆ ಕೆಳಗಿಳಿಯುತ್ತದೆ, ದಾರಿಯಲ್ಲಿ ಕರಗಿ ಮಳೆಯಾಗುತ್ತದೆ. ಇಡೀ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದೇ.

ಬೆಚ್ಚಗಿನ ಮೋಡದಲ್ಲಿ ಕಥೆ ಬೇರೆ. ಅಲ್ಲಿ ಧೂಳು ಜಾಸ್ತಿಯಾದರೆ ಇರುವ ನೀರೇ ಹೆಚ್ಚು ಹನಿಗಳಿಗೆ ಹಂಚಿಹೋಗಬಹುದು. ಹನಿಗಳು ಚಿಕ್ಕವಾಗಿಯೇ ಉಳಿದು ಮಳೆ ತಡವಾಗುತ್ತದೆ. ಸಹಾರಾದಿಂದ ಅಟ್ಲಾಂಟಿಕ್ ಮೇಲೆ ಧೂಳು ಹೊತ್ತು ಬರುವ ಗಾಳಿಯಂತೂ ಒಣ ಗಾಳಿ, ಮೋಡ ಬೆಳೆಯುವುದೇ ಕಷ್ಟ.

ಇನ್ನು ಹವಾಮಾನ. ಧೂಳು ಬಿಸಿಲನ್ನು ವಾಪಸ್ ಚೆದುರಿಸಿ ತಂಪು ಮಾಡುತ್ತದೆ, ನೆಲದಿಂದ ಏಳುವ ಶಾಖವನ್ನು ಹಿಡಿದಿಟ್ಟು ಬಿಸಿಯೂ ಮಾಡುತ್ತದೆ. ಕಣ ದೊಡ್ಡದಾದಷ್ಟೂ ಬಿಸಿ ಮಾಡುವ ಕಡೆಗೆ ವಾಲುತ್ತದೆ. ಹಾಗಾಗಿ ಧೂಳು ಬರೀ ತಂಪು ಮಾಡುತ್ತದೆ ಅಂತ ಸುಮ್ನೆ ಒಂದೇ ಮಾತಲ್ಲಿ ಹೇಳಿದರೆ ನಂಬಬೇಡಿ.