ಮಾತ್ರೆ ಬದಲಾಗಿದೆ, ನುಂಗುವ ಹೊತ್ತೂ ಬದಲಾಗಬೇಕು

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್‌ಗೆ ನಾಲ್ಕು ವರ್ಷ ಇಮ್ಯಾಟಿನಿಬ್ ತಗೊಂಡರು. ಹೋದ ತಿಂಗಳಿಂದ ನಿಲೋಟಿನಿಬ್ ಕ್ಯಾಪ್ಸೂಲ್, ದಿನಕ್ಕೆ ಎರಡು ಹೊತ್ತು. ಮೊದಲಿನ ಹಾಗೇ ತಿಂಡಿ, ಊಟ ಆದ ಮೇಲೆ ನುಂಗುತ್ತಾರೆ. ಗ್ಯಾಸ್ಟ್ರಿಕ್‌ಗೆ ದಿನಾ ಪ್ಯಾಂಟೊಪ್ರಜೋಲ್ ಕೂಡ ಇದೆ. ಇದು ಸರಿನಾ? ಹಣ್ಣು, ಕಷಾಯ ಕೊಡಬಹುದಾ?

ಉತ್ತರ: ಊಟದ ಮೇಲೆ ನುಂಗುವುದು ಇವತ್ತಿಗೇ ನಿಲ್ಲಲಿ. ಔಷಧ ನಿಲ್ಲಿಸಬೇಡಿ, ಹೊತ್ತು ಬದಲಾಯಿಸಿ. ಇಷ್ಟು ದಿನ ಹೀಗೆ ತಗೊಂಡಿದ್ದಾರೆ ಅಂತ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ ಹೇಳಿ. ಅವರು ಇಸಿಜಿ ಮಾಡಿಸಿ ಅನ್ನಬಹುದು.

ಇದರಲ್ಲಿ ನಿಮ್ಮ ತಂದೆಯ ತಪ್ಪೇನಿಲ್ಲ. ಇಮ್ಯಾಟಿನಿಬ್ ಹೊಟ್ಟೆ ಕೆಡಿಸುತ್ತದೆ, ಅದಕ್ಕೇ ಊಟದ ಜೊತೆ ದೊಡ್ಡ ಲೋಟ ನೀರು ಕುಡಿದು ನುಂಗಬೇಕು. ನಿಲೋಟಿನಿಬ್ ಅದಕ್ಕೆ ಪೂರ್ತಿ ಉಲ್ಟಾ. ಜಿಡ್ಡಿನ ಊಟವಾಗಿ ಅರ್ಧ ಗಂಟೆಗೆ ನುಂಗಿದರೆ ರಕ್ತಕ್ಕೆ ಸೇರುವ ಔಷಧ ಶೇ 82ರಷ್ಟು ಏರುತ್ತದೆ. ಜಾಸ್ತಿ ಸೇರಿದರೆ ಒಳ್ಳೆಯದೇ ಅಲ್ವಾ ಅಂದುಕೊಳ್ಳಬೇಡಿ. ಹೃದಯ ಬಡಿತದ ಲಯವೇ ತಪ್ಪಬಹುದು. ಎದೆ ಡವಡವ ಅಂದರೆ, ತಲೆ ಸುತ್ತಿ ಬಿದ್ದರೆ ಸೀದಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಕ್ಯಾಪ್ಸೂಲಿಗೆ ಮುಂಚೆ 2 ಗಂಟೆ, ಆಮೇಲೆ 1 ಗಂಟೆ ನೀರು ಬಿಟ್ಟು ಏನೂ ಬೇಡ. ಹಾಲು ಹಾಕಿದ ಕಾಫಿಯೂ ಆಹಾರವೇ. ನಮ್ಮ ಮನೆಗಳಲ್ಲಿ ಎಡವುವುದು ಹೆಚ್ಚಾಗಿ ಇಲ್ಲೇ. ಬೆಳಿಗ್ಗೆ 6ಕ್ಕೆ ಕ್ಯಾಪ್ಸೂಲ್, 7ಕ್ಕೆ ಕಾಫಿ, ತಿಂಡಿ. ಸಂಜೆ ಕಾಫಿ, ಚಕ್ಕುಲಿ ಏನಿದ್ದರೂ 4ರೊಳಗೆ ಮುಗಿಯಲಿ. 6ಕ್ಕೆ ಎರಡನೇ ಹೊತ್ತು, ಊಟ 7ರ ಮೇಲೆ.

ಪ್ಯಾಂಟೊಪ್ರಜೋಲ್ ಬಗ್ಗೆ ಅದೇ ಫೋನಿನಲ್ಲಿ ಕೇಳಿ. ನಿಲೋಟಿನಿಬ್ ಕರಗಲು ಹೊಟ್ಟೆಯಲ್ಲಿ ಆಮ್ಲ ಬೇಕು, ಪ್ಯಾಂಟೊಪ್ರಜೋಲ್ ಆ ಆಮ್ಲವನ್ನೇ ತಗ್ಗಿಸುತ್ತದೆ. ಆಮ್ಲ ತಗ್ಗಿದರೆ ರಕ್ತಕ್ಕೆ ಸೇರುವ ಔಷಧವೂ ತಗ್ಗುತ್ತದೆ. ಎದೆಯುರಿಗೆ ಆಂಟಾಸಿಡ್ ಸಿರಪ್ ಕುಡಿದರೆ ಕ್ಯಾಪ್ಸೂಲಿಗೂ ಅದಕ್ಕೂ 2 ಗಂಟೆ ಅಂತರವಿರಲಿ.

ಬಾಳೆ, ಸೇಬು, ಪಪ್ಪಾಯಿ ಹೊತ್ತು ನೋಡಿ ಕೊಡಿ. ಚಕ್ಕೋತ ಮಾತ್ರ ಬೇಡ, ದೇವನಹಳ್ಳಿಯದಾದರೂ ಬೇಡ. ನಿಲೋಟಿನಿಬ್ ಒಡೆಯುವ ಕಿಣ್ವವನ್ನು ಗ್ರೇಪ್‌ಫ್ರೂಟ್ ತಡೆಯುತ್ತದೆ. ಚಕ್ಕೋತ ಅದರ ಹತ್ತಿರದ ನೆಂಟ, ಅದೇ ಬಗೆಯ ರಾಸಾಯನಿಕಗಳು ಇದರಲ್ಲೂ ಇವೆ.

ಕಷಾಯದಲ್ಲಿ ಏನೇನು ಹಾಕುತ್ತೀರಿ ಅಂತ ಬರೆದಿಲ್ಲ. ಅಮೃತಬಳ್ಳಿ ಇದ್ದರೆ ನಿಲ್ಲಿಸಿ. ಅದರಿಂದ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ನಮ್ಮ ದೇಶದಲ್ಲೇ ವರದಿಯಾಗಿವೆ, ನಿಲೋಟಿನಿಬ್ ಕೂಡ ಲಿವರ್‌ಗೆ ಭಾರವೇ. ಜ್ವರ, ಕೆಮ್ಮು ಅಂತ ಬೇರೆ ಡಾಕ್ಟರ ಹತ್ತಿರ ಹೋದಾಗ ಕ್ಯಾಪ್ಸೂಲಿನ ಸ್ಟ್ರಿಪ್ಪನ್ನೇ ತೋರಿಸಿ. ಕ್ಲಾರಿಥ್ರೊಮೈಸಿನ್‌ನಂಥ ಆಂಟಿಬಯಾಟಿಕ್ ಇದರ ಜೊತೆ ಆಗುವುದಿಲ್ಲ.

ಒಂದು ಹೊತ್ತು ಮರೆತರೆ ಬಿಟ್ಟುಬಿಡಿ, ಮುಂದಿನ ಹೊತ್ತಿಗೆ ಎರಡರದ್ದೂ ಸೇರಿಸಿ ಕೊಡಬೇಡಿ.